ನಿಂತಾಗಲೂ ಬಿಸಿಯಿತ್ತು

ಭೂವಿಜ್ಞಾನದ ದೊಡ್ಡ ಹುಲಿ ತಿರುಮಲೇಶನನ್ನು ಒಂದೇ ಡೈಲಾಗಿನಲ್ಲಿ ಕೆಡವಿದ ಹೀರೋ ಯಾರು ಗೊತ್ತೇ? ನಾನೇ, ಸೀನು. ಎಂಬತ್ತನಾಲ್ಕರಲ್ಲಿ, ಜಯನಗರದ ಆ ಅಂಗಳದಲ್ಲಿ ನೆರೆದಿದ್ದ ಯಾರನ್ನಾದರೂ ಕೇಳಿ. ತೀರಿಕೊಂಡಿದ್ದ ನನ್ನ ಸೋದರಮಾವ ಜಯಸಿಂಹರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಕೊನೆಯದಾಗಿ ಅವರ ಬಾಯಿಗೆ ಅಕ್ಕಿಕಾಳು ಹಾಕಲು ತಿರುಮಲೇಶ ತಟ್ಟೆಗೆ ಕೈಯಿಟ್ಟ. ನಾನು ಕಾಲರ್ ಎತ್ತಿ ಅಡ್ಡ ನಿಂತೆ.

"ಕೈ ತೆಗೀರಿ ಸಾರ್. ಈ ಅಕ್ಕಿ ಮುಟ್ಟೋಕೂ ಒಂದು ಯೋಗ್ಯತೆ ಬೇಕು."

*

ಎಪ್ಪತ್ತಾರರಲ್ಲಿ ಮಾವ ರಾಜಸ್ಥಾನದ ಬೆಟ್ಟವೊಂದರಿಂದ ಕಲ್ಲು ತಂದು ಊಟದ ಮೇಜಿನ ಮೇಲಿಟ್ಟಿದ್ದರು. ವಿಮಲತ್ತೆ ಸಾರಿನ ಪಾತ್ರೆ ಹಿಡಿದು ಜಾಗಕ್ಕೆ ಕಾಯುತ್ತಿದ್ದರು. ಮಾವ ಮಾತ್ರ ನನಗೆ ಕಲ್ಲು ತೋರಿಸುತ್ತಲೇ ಇದ್ದರು.

"ಹೊಳೆ ತಂದಿದ್ರೆ ದಪ್ಪದ್ದು, ಸಣ್ಣದ್ದು ಬೇರೆಬೇರೆ ಆಗಿರೋದು ಕಣೋ. ಇದ್ರಲ್ಲಿ ಬೂದಿ, ಚೂರು ಎಲ್ಲಾ ಕಲಸಿಹೋಗಿದೆ. ಬೆಟ್ಟ ಸಿಡಿದು ಒಂದೇ ಉಸಿರಿಗೆ ನುಗ್ಗಿದ್ದು. ಈ ನೊರೆಕಲ್ಲು ನೋಡು, ಅಪ್ಪಚ್ಚಿ ಆಗಿದೆ. ಅಂದ್ರೆ ಹರಿದು ಬಂದು ನಿಂತಾಗ್ಲೂ ಅಷ್ಟು ಬಿಸಿ ಇತ್ತು."

ಭೂವಿಜ್ಞಾನ ಇಲಾಖೆಯಲ್ಲಿ ಅವರ ಮೇಲಧಿಕಾರಿಯಾಗಿದ್ದ ತಿರುಮಲೇಶ ಅದನ್ನು ಹೊಳೆಯ ಮಡ್ಡಿ ಎಂದು ಎಲ್ಲರೆದುರು ನಕ್ಕು, ಮಾವನನ್ನು ಕಲ್ಲಿನ ಗೋಡೌನಿಗೆ ಹಾಕಿದ. ಕೆಲವು ವರ್ಷಗಳ ಮೇಲೆ ಅದೇ ಮಾತನ್ನು ತನ್ನದೆಂದು ದೆಹಲಿಯಲ್ಲಿ ಓದಿ ಶಾಲು ಹೊದಿಸಿಕೊಂಡ. ಮಾವ ಜಗಳವಾಡಲಿಲ್ಲ. ಕಲ್ಲುಗಳ ದೂಳು ಒರೆಸುತ್ತಲೇ ನಿವೃತ್ತರಾದರು. ಅತ್ತೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಪಾತ್ರೆ ಕುಕ್ಕುತ್ತಿದ್ದರು.

*

ಈಗ ನಿಜ ಹೇಳಿಬಿಡುತ್ತೇನೆ. ಅಡ್ಡ ನಿಂತದ್ದು ಹೌದು. ಆದರೆ ಕನ್ನಡಿಯ ಮುಂದೆ ಅಷ್ಟು ಅಭ್ಯಾಸ ಮಾಡಿದ್ದ ಡೈಲಾಗು ಗಂಟಲಲ್ಲೇ ಉಳಿಯಿತು. ಹೊರಬಂದದ್ದು "ಬನ್ನಿ ಸಾರ್" ಅಷ್ಟೇ. ಜಾಗವನ್ನೂ ಬಿಟ್ಟೆ.

ತಟ್ಟೆಯನ್ನು ಹಿಂದಕ್ಕೆಳೆದುಕೊಂಡವರು ಅತ್ತೆ.

"ಇವರ ಬಾಯಿಗೆ ಅಕ್ಕಿ ಆಮೇಲೆ. ಮೊದ್ಲು ನಿಮ್ಮ ಬಾಯಿ ಬಿಡಿ. ಆ ಕಲ್ಲು ಹೊಳೇದಾ, ಬೆಂಕೀದಾ? ಕಂಡುಹಿಡಿದಿದ್ದು ಯಾರು?"

"ವಿಮಲಾ ಅವರೇ, ಇದು ಸಮಯ ಅಲ್ಲ."

"ಇವರಿಗೆ ಇನ್ನೊಂದು ಸಮಯ ಇಲ್ಲ."

ಚಟ್ಟ ಕಟ್ಟುತ್ತಿದ್ದ ಪಿಳ್ಳಣ್ಣ ಹಗ್ಗ ಬಿಟ್ಟು ತಲೆಯೆತ್ತಿದ. ಆಫೀಸಿನವರೆಲ್ಲ ತಿರುಮಲೇಶನ ಮುಖವನ್ನೇ ನೋಡುತ್ತಿದ್ದರು.

"ಬೆಂಕೀದು," ಎಂದ ಅವನು. "ಜಯಸಿಂಹ ಕಂಡುಹಿಡಿದಿದ್ದು."

"ಗೇಟಿನ ಹತ್ರ ಇರೋರಿಗೆ ಕೇಳಿಸ್ಲಿಲ್ಲ."

ಗೇಟಿಗೆ ಕೇಳುವಷ್ಟು ಜೋರಾಗಿ ಮತ್ತೆ ಹೇಳಿದ. ಆಮೇಲೂ ಅತ್ತೆ ತಟ್ಟೆಯನ್ನು ಚಾಚಲಿಲ್ಲ. ಅವನನ್ನು ಬಿಟ್ಟು ಪಿಳ್ಳಣ್ಣನ ಮುಂದೆ ಹಿಡಿದರು.

ತಿರುಮಲೇಶ ತಲೆತಗ್ಗಿಸಿ ಹೊರಟ. ಜನ ದಾರಿ ಬಿಟ್ಟರು, ಯಾರೂ ಹಿಂದೆ ಹೋಗಲಿಲ್ಲ. ಓಡಿಹೋಗಿ ಅವನ ಅಂಬಾಸಡರ್ ಬಾಗಿಲು ತೆಗೆದು, "ತಲೆ ಹುಷಾರು ಸಾರ್," ಅಂದವನೊಬ್ಬನಿದ್ದ.

ಅದೂ ನಾನೇ.