ಅನ್ನ ಮುಟ್ಟದ ಮೀನು

ನೀಲಾ ಸತ್ತ ಒಂಬತ್ತನೆಯ ದಿನವೂ ನಾನು ಮೀನಿಗೆ ಅನ್ನವನ್ನೇ ಹಾಕಿದೆ. ಒಂದು ಅಗುಳನ್ನು ಚಿವುಟಿ ನಾಲ್ಕು ಚೂರು ಮಾಡಿ ಗಾಜಿನ ಭರಣಿಯೊಳಗೆ ಬಿಟ್ಟೆ. ಮೀನು ತಿರುಗಿಯೂ ನೋಡಲಿಲ್ಲ.

ಸಯಾಮ ದೇಶದ ಕಾಳಗದ ಮೀನಂತೆ ಅದು. ವಾಡಿ ಜಂಕ್ಷನ್ನಿನಲ್ಲಿ ನಿಜಾಮರ ರೈಲಿಗೆ ಟಿಕೀಟು ಕೊಡುವ ನನ್ನ ಗಂಡನಿಗೆ ಮುಂಬಯಿಯ ಗಾರ್ಡ್ ಒಬ್ಬ ಕೊಟ್ಟಿದ್ದು. ಅವರು ಮಗಳು ನೀಲಾಳಿಗೆ ಕೊಟ್ಟರು. ಕನ್ನಡಿ ತೋರಿಸಿದರೆ ಕಿವಿರು ಉಬ್ಬಿಸಿ ಜಗಳಕ್ಕೆ ಬರುತ್ತಿತ್ತು. ಈಗ ಒಂದು ಮೂಲೆ ಹಿಡಿದು ಬಿದ್ದಿತ್ತು.

ನಾಲ್ಕೇ ದಿನದ ಜ್ವರಕ್ಕೆ ಹನ್ನೊಂದು ವರ್ಷದ ಹುಡುಗಿ ಹೋದಳು. ಅವಳದ್ದೆಂದು ಮನೆಯಲ್ಲಿ ಉಸಿರಾಡುತ್ತಿದ್ದುದು ಇದೊಂದೇ. ಇದು ಸಾಯುತ್ತದೆ ಎಂದು ಗೊತ್ತಾದರೂ ನನಗೆ ಗಾಬರಿಯಾಗಲಿಲ್ಲ. ಬಂದ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತಾಗಲೂ ನಾನು ಅವರಿಗೆ ನೀರು ಕೊಡುತ್ತಾ ತಿರುಗಿದವಳು.

"ಲಿಂಗಕ್ಕೆ ತೋರಿಸಿದ ಪ್ರಸಾದ ಹಾಕಿ ನೋಡು," ಎಂದಿದ್ದರು ಗಂಡ. ಅದನ್ನೂ ಹಾಕಿದೆ. ನೀರು ನಾರಿತು, ಅಷ್ಟೇ. ಮಾಂಸ ಮುಟ್ಟದ ಜಂಗಮರ ಮನೆ ನಮ್ಮದು. ಇಲ್ಲಿಗೆ ಬಂದ ಮೇಲೆ ಮೀನೂ ಅನ್ನ ತಿಂದೇ ಬದುಕುತ್ತಿದೆ ಎಂದು ಆರು ತಿಂಗಳು ನಂಬಿದ್ದೆವು. ಎಂಥ ದಡ್ಡರು!

ಪಕ್ಕದ ಮನೆಯ ಇಮಾಮ್ಬೀ ಗೋಡೆಯ ಆಚೆಯಿಂದ ನೋಡುತ್ತಿದ್ದಳು.

"ಅಮ್ಮಾರೆ, ಅದು ಅನ್ನ ತಿನ್ನಂಗಿಲ್ರಿ."

"ನೀಲಾ ದಿನಾ ಅನ್ನಾನೇ ಹಾಕತಿದ್ದಳಲ್ಲ?"

"ನಿಮ್ಮ ಮುಂದ ಹಾಕತಿದ್ದಳ್ರಿ. ಆಮ್ಯಾಲ ತೆಗೀತಿದ್ದಳು." ತಲೆ ತಗ್ಗಿಸಿದಳು. "ನಮ್ಮ ಆಡಿಗೆ ನೀರಿಡೋ ಬಾನ್ಯಾಗ ಸೊಳ್ಳಿ ಹುಳ ಆಗತಾವಲ್ರಿ, ಅವನ್ನ ಹಿಡಿಲಿಕ್ಕ ಬರತಿದ್ದಳು. ಅವ್ವಗ ಹೇಳಬ್ಯಾಡ ಅಂತ ಆಣಿ ಹಾಕಿದ್ದಳು."

ನಾನು ಅವಳ ಅಂಗಳಕ್ಕೆ ಹೋದೆ. ಕಲ್ಲಿನ ಬಾನಿಯಲ್ಲಿ ಹುಳಗಳು ಮಿಸುಕಾಡುತ್ತಿದ್ದವು. ಕೊರಳಲ್ಲಿ ಲಿಂಗವಿತ್ತು. ಜೀವ ತೆಗೆಯಲು ಹೊರಟಿದ್ದೇನೆ ಎಂದು ತಿಳಿದೇ ಸೆರಗಿನ ತುದಿಯಲ್ಲಿ ನೀರು ಸೋಸಿದೆ. ಕೈಗೆ ಆಡಿನ ವಾಸನೆ ಹತ್ತಿತು.

ಈ ವಾಸನೆ ನನಗೆ ಗೊತ್ತಿತ್ತು. ಹೋದ ತಿಂಗಳು ಒಂದು ಮಧ್ಯಾಹ್ನ ನೀಲಾಳ ಕೈ ಮೂಸಿ, ಇವಳು ಇಮಾಮ್ಬೀ ಮನೆಯಲ್ಲಿ ಮಾಂಸ ತಿಂದು ಬಂದಿದ್ದಾಳೆಂದು ತೊಗರಿಕಟ್ಟಿಗೆ ತೆಗೆದುಕೊಂಡು ಹೊಡೆದಿದ್ದೆ. "ಏನೂ ತಿಂದಿಲ್ಲವ್ವಾ," ಎಂದಷ್ಟೇ ಹೇಳುತ್ತಿದ್ದಳು. ಕಟ್ಟಿಗೆ ಮುರಿಯುವ ತನಕ ನಾನು ಬಿಡಲಿಲ್ಲ.

ಮನೆಗೆ ಬಂದು ಭರಣಿಯ ನೀರು ಬದಲಿಸಿ ಹುಳ ಬಿಟ್ಟೆ. ಮೀನು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಒಂದನ್ನು ಗಬಕ್ಕನೆ ನುಂಗಿತು. ಇನ್ನೊಂದು. ಹಿಂದೆಯೇ ಬಂದಿದ್ದ ಇಮಾಮ್ಬೀ ನನ್ನ ಕೈ ಹಿಡಿದಳು.

"ಐದು ಸಾಕ್ರಿ. ಅದರ ಹೊಟ್ಟಿ ಅದರ ಕಣ್ಣಿನಷ್ಟ ಅದ, ಹೆಚ್ಚಾದರ ಸಾಯತದ ಅಂತಿದ್ದಳು ನೀಲಾ."

ಆಗಲೂ ನನಗೆ ಅಳು ಬರಲಿಲ್ಲ.

"ನಾ ಹೊಡದ ದಿನ ನಿನ್ನ ಕಡೆ ಬಂದಿದ್ದಳೇನ?" ಎಂದು ಕೇಳಿದೆ.

"ಬಂದಿದ್ದಳ್ರಿ. ಮೊದಲ ಮೀನಿಗೆ ಹುಳ ಹಿಡದಳು. ಆಮ್ಯಾಲ ಬೆನ್ನಿಗೆ ಎಣ್ಣಿ ಹಚ್ಚಿಸ್ಕೊಂಡಳು."