ಶೈಲಜಾಳನ್ನು ಜೀಪಿನಲ್ಲಿ ಕೂರಿಸಿದರು

ಓಟು ಕೇಳಲು ಬಂದವರಿಗೆ ಮನೆಯ ಹೆಂಗಸರು ಆರತಿ ಎತ್ತುವುದು ಆ ಕಡೆಯ ರೂಢಿ. ವಿಧಾನಸಭೆಗೆ ನಿಂತ ಶೈಲಜಾ ಮುರಗೋಡದ ಓಣಿಗೆ ಬಂದ ದಿನ, ತಟ್ಟೆ ಹಿಡಿದವರು ಅವಳನ್ನು ದಾಟಿ ಹೋಗಿ, ಹಿಂದಿದ್ದ ಮೈದುನ ನಿಂಗರಾಜನಿಗೆ ಆರತಿ ಬೆಳಗಿದರು. ಶೈಲಜಾಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

ಅತ್ತೆ ಸಿದ್ದಲಿಂಗವ್ವ ಇದನ್ನು ಕಣ್ಣಾರೆ ಕಂಡಳು. ಯಾರೂ ಕೆಟ್ಟ ಮಾತು ಆಡಿರಲಿಲ್ಲ. ಆದರೂ ಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದಳು.

ಸಂಜೆ ಮನೆಯ ಹಿರಿಯ, ಅವಳ ಭಾವ ನಿಜಗುಣಪ್ಪ, ತೀರ್ಮಾನ ಹೇಳಿದ. "ನಾಳಿಂದ ಶೈಲಜಾ ಜೀಪಿನ್ಯಾಗ ಕುಂದರ್ಲಿ. ಮನಿಮನಿಗೆ ನಿಂಗರಾಜ ಹೋಗತಾನ."

ಸ್ತ್ರೀಶಕ್ತಿ ಸಂಘದ ಮಹಾನಂದಾ ಶೈಲಜಾಳ ಗೆಳತಿ. "ಕಾಕಾರ, ಎರಡ ಸಲ ಜಿಲ್ಲಾ ಪಂಚಾಯ್ತಿಗೆ ಆರಿಸಿ ಬಂದಾಕಿ ಇಕಿ. ಆರು ಹಳ್ಳಿಗೆ ನೀರ ತಂದಾಕಿ ಇಕಿ. ನಿಂಗರಾಜಣ್ಣ ಏನಂತ ಓಟ ಕೇಳತಾನ್ರಿ?"

"ಅದು ಪಂಚಾಯ್ತಿ, ಇದು ವಿಧಾನಸೌಧ. ಬೋಳ ಹಣಿ ನೋಡಿ ಯಾರವಾ ಓಟ ಹಾಕತಾರ?"

"ವಿಧಾನಸೌಧದ ಬಾಗಲದಾಗ ಕುಂಕುಮ ನೋಡಿ ಒಳಗ ಬಿಡತಾರೇನ್ರಿ? ನೀವರ ಹೇಳ್ರಿ, ಅತ್ತಿ."

ಸಿದ್ದಲಿಂಗವ್ವನೂ ವಿಧವೆ. ಇಪ್ಪತ್ತು ವರ್ಷ ಯಾವ ಶುಭಕಾರ್ಯದಲ್ಲೂ ಮುಂದೆ ನಿಂತವಳಲ್ಲ. "ಮಂದಿ ಏನಂದಾರೋ ಅಂತ ನನಗ ಅಂಜಿಕಿ ಬರತೈತಿ. ಕುಂದರ್ಲಿ ಬಿಡವಾ ಜೀಪಿನ್ಯಾಗ," ಎಂದಳು.

ಶೈಲಜಾ ಅತ್ತೆಯ ಮುಖ ನೋಡಿದಳು.

ಹನ್ನೆರಡು ದಿನ ಅವಳು ಸೆರಗು ಹೊದ್ದು ಜೀಪಿನಲ್ಲೇ ಕುಳಿತಳು. ಕೊನೆಗೆ ಸೋತಳು.

ಫಲಿತಾಂಶದ ಮರುದಿನ ಪಕ್ಕದ ಹಳ್ಳಿಯಿಂದ ಹೊಸದಾಗಿ ಹಾಲು ತರತೊಡಗಿದ್ದ ಶಟ್ಟೆವ್ವ ಬಾಗಿಲಲ್ಲಿ ನಿಂತಳು. "ಎವ್ವಾ, ನಮ್ಮ ಊರಿಗೆ ನಳಾ ತಂದ ಮೆಂಬರ ಬಾಯಾರು ನಿಮ್ಮ ಸೊಸಿನಾ? ನಿನ್ನೆ ಗೊತ್ತಾತ್ರಿ."

"ಅಕೀನ ನಿಂತಿದ್ಲಲ್ಲ."

"ಇಕಿ ಹೆಸರಿಗಷ್ಟ, ಕಾರಭಾರ ಎಲ್ಲಾ ನಿಂಗರಾಜಂದ ಅಂತ ತಿಳದಿದ್ವಿ. ಅವಗ ನಳದ ಮಾತ ಕೇಳಿದರ ಹಲ್ಲ ಕಿಸದು ಮುಂದ ಹೋದ. ಇಂವಗ್ಯಾಕ ಹಾಕೂನು ಅಂತ ಬ್ಯಾರೇದವರಿಗೆ ಹಾಕಿ ಬಂದ್ವಿ. ಬಾಯಾರ ಬಂದು ಕೇಳಿದ್ರ ಇಡೀ ಓಣಿ ಹಾಕತಿತ್ತು."

ಸಿದ್ದಲಿಂಗವ್ವ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಒಳಗೆ ಹೋಗಿ ಸೊಸೆಯ ಹತ್ತಿರ ಕುಳಿತಳು. "ನಿನ್ನ ಸೋಲಿಸಿದ್ದು ಮಂದಿ ಅಲ್ಲವಾ. ನಾವ."

ಐದು ವರ್ಷದ ಮೇಲೆ ಚುನಾವಣೆ ಮತ್ತೆ ಬಂತು. ಸಿದ್ದಲಿಂಗವ್ವ ಹಟ ಹಿಡಿದು ಭಾವನನ್ನು ಒಪ್ಪಿಸಿದಳು. ಶೈಲಜಾಳಿಗೆ ಟಿಕೆಟ್ ಕೇಳಲು ನಿಜಗುಣಪ್ಪನೇ ಹೋದ. ಪಕ್ಷದ ಹಿರಿಯರು ಚಹಾ ಕುಡಿಸಿ ಹೇಳಿದರು: "ಒಮ್ಮೆ ಹೆಣ್ಣಮಗಳಿಗೆ ಕೊಟ್ಟು ನೋಡಿವಲ್ರಿ, ಯಜಮಾನ್ರ. ಮಂದಿ ಒಪ್ಪಲಿಲ್ಲ."

ಮಂದಿಯನ್ನು ಅವಳು ಕೇಳಿಯೇ ಇರಲಿಲ್ಲ, ಕೇಳಲು ತಾವೇ ಬಿಟ್ಟಿರಲಿಲ್ಲ ಎಂಬುದನ್ನು ನುಂಗಿಕೊಂಡು ನಿಜಗುಣಪ್ಪ ಬರಿಗೈಯಲ್ಲಿ ಎದ್ದು ಬಂದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹೆಣ್ಣುಮಗಳು ಚುನಾವಣೆಗೆ ನಿಂತರೆ ಅವಳೇ ಮನೆಮನೆಗೆ ನಡೆಯಲಿ, ಅವಳೇ ಮಾತಾಡಲಿ. ನಿಮ್ಮ ಬಾಗಿಲಿಗೆ ಬಂದವಳ ಹಣೆ ನೋಡಬೇಡಿ. ಒಳಗೆ ಕರೆದು ಕೂರಿಸಿ, ಏನು ಕೆಲಸ ಮಾಡಿದ್ದೀರಿ, ಮುಂದೆ ಏನು ಮಾಡುತ್ತೀರಿ ಎಂದು ಕೇಳಿ. ಅವಳು ಉತ್ತರ ಹೇಳಿ ಮುಗಿಸುವವರೆಗೆ ಪಕ್ಕದ ಗಂಡಸಿನ ಕಡೆ ತಿರುಗಬೇಡಿ.