ಹಾಲಿನಲ್ಲಿಟ್ಟ ಚೂರು

ಅತ್ತೆಗೆ ದಾರವನ್ನು ಹಲ್ಲಿನಿಂದ ಕಡಿಯುವ ಚಟ ಇದ್ದದ್ದು ನಿಜ. ಆದರೆ ಆ ಬೆಳಿಗ್ಗೆ ತಪ್ಪು ತನ್ನದೇ ಎಂದು ಸೊಸೆಗೆ ಖಚಿತವಾಗಿತ್ತು. ಹಾಲಿನ ಪ್ಯಾಕೆಟ್ ಕತ್ತರಿಸಲೆಂದು ಹೊಲಿಗೆ ಮಷೀನಿನ ಮೇಲಿದ್ದ ಕತ್ತರಿಯನ್ನು ಅಡುಗೆಮನೆಗೆ ಒಯ್ದವಳು ವಾಪಸ್ ಇಡಲು ಮರೆತಿದ್ದಳು. ಅತ್ತೆ ದಪ್ಪ ಪರದೆಗೆ ಅಂಚು ಹೊಲಿದು ಮುಗಿಸಿ, ದಾರಕ್ಕೆ ಬಾಯಿ ಹಾಕಿದರು. ಟಕ್ ಎಂದಿತು. ಮುಂದಿನ ಹಲ್ಲಿನ ಮೂಲೆ ಹಾರಿಹೋಯಿತು.

ಸೊಸೆ ಆ ಮನೆಗೆ ಬಂದು ಇನ್ನೂ ಮೂರು ತಿಂಗಳು. ಅತ್ತೆ ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದಳು. ಮಷೀನಿನ ಸದ್ದನ್ನೂ ಮೀರಿಸಿ ಹರಟುತ್ತಿದ್ದ ಹೆಂಗಸು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗಪ್‌ಚುಪ್ಪಾಗಿ ಕೂತದ್ದನ್ನು ನೋಡಿ ಅವಳಿಗೆ ಸಹಿಸಲಾಗಲಿಲ್ಲ. ಇನ್ನು ಈ ಮನೆಯಲ್ಲಿ ತನ್ನನ್ನು ಯಾರೂ ನಂಬುವುದಿಲ್ಲ ಎಂದುಕೊಂಡಳು.

ಮುರಿದ ಚೂರನ್ನು ಹಾಲಿನಲ್ಲಿಟ್ಟು ಒಯ್ದರೆ ದಂತವೈದ್ಯರು ಅಂಟಿಸಿಕೊಡುತ್ತಾರೆ ಎಂದು ಎಲ್ಲೋ ಕೇಳಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತಲೇ ಮಷೀನಿನ ಕೆಳಗೆ ತೂರಿ, ಬಟ್ಟೆಯ ತುಣುಕುಗಳನ್ನೆಲ್ಲ ಜಾಲಾಡಿ, ಬೆಳ್ಳಗಿನ ಚೂರೊಂದನ್ನು ಹುಡುಕಿ ತೆಗೆದಳು. ಪುಟ್ಟ ಡಬ್ಬಿಯ ಹಾಲು ತುಳುಕದಂತೆ ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತೆಯ ಜೊತೆ ಹೋದಳು.

ಡಾಕ್ಟರು ಚೂರನ್ನು ಚಿಮಟದಲ್ಲಿ ಎತ್ತಿ ದೀಪಕ್ಕೆ ಹಿಡಿದರು. ತುಟಿಯಂಚಿನಲ್ಲಿ ನಗು ತಡೆದುಕೊಂಡು, ಇದರಲ್ಲಿ ಅರ್ಧ ತೂತಿದೆ, ಇದು ಮುರಿದ ಅಂಗಿ ಗುಂಡಿಯ ಚೂರು ಎಂದರು. ಸೊಸೆಯ ಮುಖ ಪೆಚ್ಚಾಯಿತು. ಹಾಲಿನಲ್ಲಿಟ್ಟದ್ದು ಬುದ್ಧಿವಂತಿಕೆಯೇ, ನರಕ್ಕೇನೂ ತಗುಲಿಲ್ಲ, ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ಹಾಕಿ ಮೂಲೆ ಕಟ್ಟಿಕೊಡುತ್ತೇನೆ ಎಂದು ಸಮಾಧಾನ ಹೇಳಿದರು. ಗಟ್ಟಿಯಾದದ್ದೇನನ್ನಾದರೂ ಕಚ್ಚಿದರೆ ಅದೂ ಉಳಿಯುವುದಿಲ್ಲ ಎಂದೂ ಎಚ್ಚರಿಸಿದರು. ಆಮೇಲೆ ಚೀಟಿ ಬರೆಯುತ್ತ, ಹಲ್ಲು ಮುರಿದದ್ದು ಹೇಗೆ ಎಂದು ಕೇಳಿದರು.

ಸೊಸೆ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡರು.

“ನಲವತ್ತು ವರ್ಷದ ಚಟ ಡಾಕ್ಟ್ರೇ. ದಾರ ಕಚ್ಚಬೇಡಿ ಅಂತ ಇವಳು ದಿನಾ ಬಡ್ಕೋತಾಳೆ. ನಾನೇ ಕೇಳಲ್ಲ.”

ಅವಳು ಒಂದು ದಿನವೂ ಹಾಗೆ ಹೇಳಿರಲಿಲ್ಲ. ಅತ್ತೆಗೆ ಎದುರಾಡುವ ಧೈರ್ಯವಾದರೂ ಎಲ್ಲಿತ್ತು?

ಹಲ್ಲು ಸರಿಮಾಡಿಸಿಕೊಂಡು ಇಬ್ಬರೂ ಹೊರಗೆ ಬಂದ ಮೇಲೆ ಸೊಸೆ ಮೆಟ್ಟಿಲ ಮೇಲೆಯೇ ನಿಂತು, ಕತ್ತರಿ ಒಯ್ದವಳು ತಾನೇ ಎಂದು ಒಪ್ಪಿಕೊಂಡಳು.

“ಗೊತ್ತು ಕಣೇ. ಅಡುಗೆಮನೇಲಿ ಕತ್ತರಿ ಇದ್ದದ್ದು ಕೂತಲ್ಲಿಂದಲೇ ಕಾಣ್ತಿತ್ತು. ಎದ್ದು ಹೋಗಿ ತರೋಕೆ ನನಗೇ ಸೋಮಾರಿತನ,” ಎಂದರು ಅತ್ತೆ. “ಡಾಕ್ಟ್ರಿಗೆ ಸುಳ್ಳು ಹೇಳ್ಬಿಟ್ಟಿದ್ದೀನಿ. ನಾಳೆಯಿಂದ ನೀನು ನನ್ನ ನಿಜವಾಗ್ಲೂ ಬೈಬೇಕು.”